ಐದನೇ ಹೆಸರು

"ಶಬ್ದಕ್ಕೆ ಯಾರೇ?" ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾವ ಕೇಳಿದ.

"ಏನು ಶಬ್ದಕ್ಕೆ?" ಊಟದ ಮೇಜು ಒರೆಸುತ್ತಿದ್ದವಳು ತಲೆಯೆತ್ತಿದೆ.

"ಅತ್ಯುತ್ತಮ ಶಬ್ದವಿನ್ಯಾಸ ಕಣೇ. ನಟ ಆಯ್ತು, ನಟಿ ಆಯ್ತು. ಇಲ್ಲಿ ಪೇಪರ್ ಮಡಚಿ ಅಕ್ಷರ ಅಳಿಸಿಹೋಗಿದೆ."

ಅವನ ಎಡಗಡೆ, ಕಾಫಿ ಲೋಟದ ಕೆಳಗೆ, ಪತ್ರಿಕೆಗೆ ನಾನು ಪ್ರತಿ ವಾರ ಬರೆಯುವ ಅಂಕಣ, ಕಳೆದ ವಾರದ್ದು: 'ಈ ಸಲ ಯಾರು ಗೆಲ್ತಾರೆ?' ಬಲಗಡೆ ಸಿನಿಮಾ ಪ್ರಶಸ್ತಿಯ ಮತಪತ್ರ. ಎಡಗೈ ಬೆರಳು, ಬಲಗೈ ಪೆನ್ನು ಎರಡೂ ಜೊತೆಜೊತೆಯಾಗಿ ಕೆಳಗಿಳಿಯುತ್ತಿದ್ದವು. ಪರೀಕ್ಷೆಯಲ್ಲಿ ಪಕ್ಕದವನದನ್ನು ನೋಡಿ ಬರೆಯುವವರ ಹಾಗೆ.

"ಮಾವ, ಸಿನಿಮಾಗಳನ್ನ ನೋಡಿಲ್ವಾ ನೀನು?"

"ನಲವತ್ತು ವರ್ಷ ಕ್ಯಾಮೆರಾ ಹಿಂದೆ ನಿಂತು ಸಾಕಾಗಿದೆ ಪುಟ್ಟಿ. ನಮ್ಮ ಗುಂಪೆಲ್ಲ ನಿನ್ನ ಪಟ್ಟಿ ನೋಡೇ ತುಂಬೋದು. ಮೂರ್ನೂರು ಜನ ವೋಟರ್‌ಗಳಲ್ಲಿ ಅರ್ಧಕ್ಕರ್ಧ ಹೀಗೇ. ನಮ್ಮನೆ ಹುಡುಗಿ ಮಾತು ಸುಳ್ಳಾಗಬಾರದಲ್ಲ!" ಎಂದು ಕಣ್ಣು ಹೊಡೆದ. ಅವನ ಕಿವಿಯ ಯಂತ್ರ ಲೋಟದ ಪಕ್ಕ ಬಿದ್ದಿತ್ತು. ಶಬ್ದಕ್ಕೆ ಮತ ಹಾಕುವವನು ಅವನು.

ಹೋದ ವರ್ಷ ನನ್ನ ಇಪ್ಪತ್ತನಾಲ್ಕು ಊಹೆಗಳಲ್ಲಿ ಇಪ್ಪತ್ತೆರಡು ಸರಿ. ಆಫೀಸಿನಲ್ಲಿ ನನ್ನ ಹೆಸರೇ 'ಜ್ಯೋತಿಷಿ'. ಗಾಳಿ ಯಾವ ಕಡೆ ಬೀಸುತ್ತದೆಂದು ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಬೀಸಣಿಗೆ ನನ್ನ ಕೈಯಲ್ಲೇ ಇತ್ತು.

ಸಿಂಕಿಗೆ ಹೋಗಿ ಎರಡು ಸಲ ಸೋಪು ಹಾಕಿ ಕೈ ತೊಳೆದೆ. ಹೇಸಿಗೆ ಹೋಗಲಿಲ್ಲ.

ನಾನೂ ಸಿನಿಮಾ ನೋಡುವವಳಲ್ಲ. ನೋಡಿದರೆ ಅಂದಾಜು ಕೆಡುತ್ತದೆ ಅನ್ನುವುದು ನನ್ನ ಪದ್ಧತಿ. ಹದಿನಾಲ್ಕು ಕಿಲೋ ಇಳಿಸಿದವನು ನಟ. ಅಳುವಾಗ ಮೂಗು ಸೋರಿಸಿದವಳು ನಟಿ. ಬಾಂಬು ಜಾಸ್ತಿ ಇದ್ದ ಸಿನಿಮಾಕ್ಕೆ ಶಬ್ದ. ಯಾವ ನಿರ್ಮಾಪಕ ಎಷ್ಟು ಜನಕ್ಕೆ ಊಟ ಹಾಕಿಸಿದ, ಯಾರ ಮನೆಗೆ ಚಾಕೊಲೇಟಿನ ಡಬ್ಬಿ ಹೋಯಿತು, ಅದರ ಲೆಕ್ಕ ಸಾಕು.

ಆ ಶಬ್ದದ ಪಟ್ಟಿಯ ಐದನೇ ಹೆಸರಿನವನು ಫೋನ್ ಮಾಡಿದ್ದು ಎರಡು ವಾರದ ಹಿಂದೆ.

"ಮೇಡಂ, ಶಬ್ದದ ಪಟ್ಟಿಯಲ್ಲಿ ನನ್ನನ್ನ ಐದನೇದಾಗಿ ಹಾಕಿದೀರಿ. ಐದೇ ಜನ ಇರೋದು ಅಂತಾನಾ?"

"ಆರು ಜನ ಇದ್ದಿದ್ರೆ ಆರನೇದು ಹಾಕ್ತಿದ್ದೆ."

ಅವನು ನಕ್ಕ. ನಕ್ಕಿದ್ದಕ್ಕೇ ಅವನ ಸ್ಟುಡಿಯೋಗೆ ಹೋದೆ. ಮೂರನೇ ಮಹಡಿಯಲ್ಲಿ ಗೋಡೆಗೆಲ್ಲ ಕಂದು ಸ್ಪಂಜು ಅಂಟಿಸಿದ, ಕಿಟಕಿಯಿಲ್ಲದ ಕೋಣೆ. "ಕಣ್ಣು ಮುಚ್ಚಿ" ಅಂದ. ಹೆಡ್‌ಫೋನು ತಾನೇ ಹಾಕಿ, ಸಿಕ್ಕಿಕೊಂಡ ಕೂದಲೆಳೆಯೊಂದನ್ನು ಬಹಳ ಹುಷಾರಾಗಿ ಬಿಡಿಸಿದ.

ಅವನು ಶಬ್ದ ಮಾಡಿದ ಸಿನಿಮಾದ ಅಡುಗೆಮನೆ. ಗಂಡ ಹೆಂಡತಿ ಮಾತಾಡುತ್ತಿದ್ದಾರೆ. ಗಂಡ "ನಾನು ವಾಪಸ್ ಬರಲ್ಲ" ಎನ್ನುತ್ತಾನೆ. ಆಗ ಫ್ರಿಜ್ ನಿಲ್ಲುತ್ತದೆ. ಇಷ್ಟು ಹೊತ್ತೂ ಅದು ಗುಂಯ್‌ಗುಡುತ್ತಿತ್ತು ಅನ್ನುವುದು ಆಗಲೇ ಗೊತ್ತಾಗುವುದು. ನನ್ನ ಎದೆಯೊಳಗೆ ಏನೋ ಖಾಲಿಯಾಯಿತು.

"ನಲವತ್ತು ಫ್ರಿಜ್ ರೆಕಾರ್ಡ್ ಮಾಡ್ದೆ. ಕೊನೆಗೆ ಅಕ್ಕನ ಮನೇದೇ ಸರಿಹೋಯ್ತು. ಅಕ್ಕ ಈಗಲೂ ಬೈತಾಳೆ, ಹಾಲು ಒಡೀತು ಅಂತ."

ಕಣ್ಣು ತೆರೆದೆ. ಅವನು ಪರದೆ ನೋಡುತ್ತಿರಲಿಲ್ಲ. ಸಿಕ್ಕಿಬಿದ್ದವನಂತೆ ಥಟ್ಟನೆ ಗುಂಡಿಗಳ ಕಡೆ ತಿರುಗಿದ. ಕಿವಿ ಮಾತ್ರ ಕೆಂಪಗಿತ್ತು. ಅಂದಿನಿಂದ ನನಗವನು 'ಕಿವಿ'. ಆಮೇಲೆ ಒಂಬತ್ತು ಸಲ ಆ ಕೋಣೆಗೆ ಹೋದೆ, ಒಂದೊಂದು ಸಲಕ್ಕೂ ಒಂದೊಂದು ನೆಪ.

ಗೆದ್ದರೆ ಮುಂದಿನ ಮೂರು ಚಿತ್ರ ಅವನಿಗೆ. ಇಲ್ಲದಿದ್ದರೆ ಈ ಕೋಣೆ ಮುಚ್ಚುತ್ತದೆ. ಆಗ ಅವನು ಏಳು ಗಂಟೆ ರೈಲು ದೂರದ ಊರಿನಲ್ಲಿ, ಭಾವನ ಕಂಪನಿಯಲ್ಲಿ, ಲಿಫ್ಟುಗಳಿಗೆ ದನಿ ರೆಕಾರ್ಡ್ ಮಾಡಬೇಕು. "ಬಾಗಿಲು ಮುಚ್ಚುತ್ತಿದೆ" ಎಂದು ಹೆಣ್ಣು ದನಿಯಲ್ಲಿ ಹೇಳಿ ನಗಿಸಿದ್ದ. ನಾನು ನಕ್ಕಿದ್ದೆ. ಮನೆಗೆ ಬಂದ ಮೇಲೆ ಊಟ ಸೇರಿರಲಿಲ್ಲ.

ಈಗ ಸಿಂಕಿನಿಂದ ಸರಿದು ಕೈ ಒರೆಸಿಕೊಂಡು, ಲ್ಯಾಪ್‌ಟಾಪ್ ಎತ್ತಿಕೊಂಡು ಅವನ ಕೋಣೆಗೇ ಹೋದೆ. ಮಾವನ ವಿಷಯವೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಅಂದ್ರೆ ಹೋದ ವರ್ಷ ಗೆದ್ದೋನು?"

"ನಾನೇ ಗೆಲ್ಲಿಸಿದ್ದು."

"ಅದರ ಹಿಂದಿನ ವರ್ಷದ ಕುದುರೆ ಸಿನಿಮಾ?"

"ಅದೂ ನಾನೇ. ಕುದುರೆ ಜಾಸ್ತಿ ಇದ್ವು."

"ಥೂ!"

"ಅದನ್ನೇ ಹೇಳೋಕೆ ಬಂದೆ." ಲ್ಯಾಪ್‌ಟಾಪ್ ತೆರೆದೆ. "ನನ್ನ ಕೊನೇ ಪಟ್ಟಿ ನಾಲ್ಕು ಗಂಟೆಗೆ ಆನ್‌ಲೈನ್ ಹೋಗುತ್ತೆ. ಮತದಾನ ನಾಳೆ ಮುಗಿಯೋದು. ನಿನ್ನನ್ನ ಮೊದಲು ಹಾಕ್ತೀನಿ."

"ನಿನ್ನನ್ನ ಅಂದ್ರಿ."

"ಹೂಂ. ಎರಡು ವಾರದಿಂದ ಬಾಯಲ್ಲೇ ಇತ್ತು."

ಅವನ ತುಟಿಯ ಮೂಲೆ ಅರಳಿತು. ಹಾಗೇ ತಡೆದುಕೊಂಡ. "ಯಾಕೆ ಮೊದಲು?"

"ಐದರಲ್ಲಿ ನಿಂದೇ ಚೆನ್ನಾಗಿರೋದು ಅಂತ."

"ಉಳಿದ ನಾಲ್ಕು ನೋಡಿದೀರಾ?"

ಸ್ಪಂಜಿನ ಗೋಡೆಗಳು ನನ್ನ ಉಸಿರನ್ನೂ ನುಂಗಿದವು. "ಇಲ್ಲ," ಅಂದೆ.

"ಮತ್ತೆ ನಿಮ್ಮ ಮಾವನಿಗೂ ನಿಮಗೂ ಏನು ವ್ಯತ್ಯಾಸ?"

"ಅವನಿಗೆ ಯಾರು ಗೆದ್ರೂ ಒಂದೇ. ನನಗಲ್ಲ. ನೀನು ಆ ಲಿಫ್ಟಿನ ಊರಿಗೆ ಹೋಗಬಾರದು. ನೀನಿಲ್ಲದಿದ್ರೆ ನಂಗಾಗಲ್ಲ. ಅಷ್ಟೇ. ಸಿನಿಮಾ ಹಾಳಾಗಿಹೋಗ್ಲಿ."

ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಸೋಪಿನಿಂದ ಒಣಗಿ ಬಿಳಿಚಿದ್ದ ಬೆರಳುಗಳನ್ನು ಒಂದೊಂದಾಗಿ ನೋಡಿದ. "ನಂಗೂ ಹೋಗೋಕೆ ಮನಸ್ಸಿಲ್ಲ," ಅಂದ. ಇಡೀ ದಿನದಲ್ಲಿ ನಾನು ಕೇಳಿದ ಒಂದೇ ಒಂದು ಶುದ್ಧವಾದ ಮಾತು ಅದು.

ಪರದೆಯನ್ನು ಅವನ ಕಡೆ ತಿರುಗಿಸಿದೆ. ಯುದ್ಧದ ಸಿನಿಮಾ ಕೆಳಗಿಳಿದಿತ್ತು. ಮೊದಲ ಸಾಲಿನಲ್ಲಿ ಅವನ ಹೆಸರು.

"ಇದನ್ನ ಒತ್ತಿದ್ರೆ ಆಯ್ತು. ನೀನೇ ಒತ್ತು."

ಅವನು ತನ್ನ ಹೆಸರನ್ನು ನೋಡಿದ. ತಟ್ಟೆಯಲ್ಲಿ ಕೂದಲು ಸಿಕ್ಕರೆ ನೋಡುತ್ತಾರಲ್ಲ, ಹಾಗೆ. ನನ್ನ ಕೈಯನ್ನು ಬಿಡಲಿಲ್ಲ.

"ಒತ್ತಲ್ಲ," ಅಂದ. "ನೀನೂ ಒತ್ತಬೇಡ."