ಸೊನ್ನೆ ತೋರಿಸಿದ ಬ್ಯಾಡ್ಜ್‌ಗಳು

ಮೂವತ್ತಾರನೆಯ ವಯಸ್ಸಿಗೆ ಜಾಯ್ಸ್ ಡಿಸೋಜಾಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೊಚ್ಚಿಯ ವೈಟ್ಟಿಲದ ಖಾಸಗಿ ಆಸ್ಪತ್ರೆಯೊಂದರ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಎಕ್ಸ್‌-ರೇ ನೋಡುತ್ತ ಹೃದಯದ ರಕ್ತನಾಳಕ್ಕೆ ಚಿಕಿತ್ಸೆ ಕೊಡುವ ಕೋಣೆಯಲ್ಲಿ, ಅವಳು ಎಕ್ಸ್‌-ರೇ ಟೆಕ್ನಿಷಿಯನ್. ಇದು ವಿಕಿರಣದಿಂದ ಬಂದ ಪೊರೆ ಎಂದು ಕಣ್ಣಿನ ಡಾಕ್ಟರ್ ಬರೆದುಕೊಟ್ಟರು. ಆಸ್ಪತ್ರೆ ಒಪ್ಪಲಿಲ್ಲ. ಮೈಗೆ ತಗಲಿದ ವಿಕಿರಣವನ್ನು ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಎರಡು ವರ್ಷದಿಂದ ಸೊನ್ನೆ ತೋರಿಸುತ್ತಿತ್ತಲ್ಲ!

ಅವಳ ದೂರು ತಿರುವನಂತಪುರಕ್ಕೆ, ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರಿ ಕಚೇರಿಗೆ ಹೋಯಿತು. ತನಿಖೆಗೆ ಬಂದವಳು ಮೈಸೂರಿನ ಶಾಲಿನಿ. ಕಾಗದದ ಮೇಲಿನ ಸೊನ್ನೆಯನ್ನು ಸುಲಭಕ್ಕೆ ನಂಬುವ ಹೆಣ್ಣಲ್ಲ.

“ಬಿಟ್ಟು ಹೋಗ್ಲಿಕ್ಕೂ ಆಗುದಿಲ್ಲ ಮೇಡಂ,” ಎಂದಳು ಜಾಯ್ಸ್. “ಈ ಕಣ್ಣು ನೋಡಿ ಬೇರೆ ಯಾರು ಕೆಲಸ ಕೊಡ್ತಾರೆ? ಇಲ್ಲೇ ಇದ್ರೆ ಇದ್ದದ್ದೂ ಹೋಗ್ತದೆ. ಸೊನ್ನೆ ಇರುವಷ್ಟು ದಿನ ಪರಿಹಾರವೂ ಇಲ್ಲ.”

ಆಸ್ಪತ್ರೆಯ ವಿಕಿರಣ ಸುರಕ್ಷತಾಧಿಕಾರಿ ಸುಧನ್ವ ಕಾಸರಗೋಡಿನವನು. ಅವನ ಬಳಿ ಉತ್ತರ ಸಿದ್ಧವಿತ್ತು. “ಅವಳು ಬ್ಯಾಡ್ಜ್ ಡ್ರಾಯರಲ್ಲಿ ಬಿಟ್ಟಿರ್ಬೇಕು. ಮಿತಿ ಮೀರಿದ್ರೆ ಲ್ಯಾಬಿಂದ ದೂರ ಇಡ್ತಾರೆ ಅಂತ ತುಂಬ ಜನ ಹಾಗೆ ಮಾಡುದುಂಟು.”

ಅದು ಸುಳ್ಳಲ್ಲ. ಆದರೆ ಕ್ಯಾಥ್ ಲ್ಯಾಬಿನ ಬ್ಯಾಡ್ಜ್ ಪಟ್ಟಿಯಲ್ಲಿ ಐದು ಹೆಸರು, ಐದು ಸೊನ್ನೆ. ಐದನೆಯದು ಸುಧನ್ವನದೇ; ಜನ ಸಾಲದ್ದರಿಂದ ಹೆಚ್ಚಿನ ದಿನ ಅವನೂ ಯಂತ್ರದ ಪಕ್ಕ ನಿಲ್ಲುತ್ತಿದ್ದ.

“ಐದೂ ಜನ ಒಟ್ಟಿಗೆ ಡ್ರಾಯರಲ್ಲಿ ಬಿಟ್ರಾ?”

ಸುಧನ್ವ ನಕ್ಕ. ಶಾಲಿನಿ ನಗಲಿಲ್ಲ.

* * *

ಬ್ಯಾಡ್ಜ್ ಓದುವ ಲ್ಯಾಬ್ ತಿರುವನಂತಪುರದಲ್ಲಿತ್ತು. ಅಲ್ಲಿನ ತರುಣ್ ವಿವರಿಸಿದ. “ಪ್ರತಿ ಆಸ್ಪತ್ರೆಗೂ ಒಂದು ಕಂಟ್ರೋಲ್ ಬ್ಯಾಡ್ಜ್ ಕೊಡ್ತೀವಿ. ಅದನ್ನ ಯಾರೂ ಹಾಕ್ಕೊಳ್ಳಲ್ಲ, ಎಕ್ಸ್‌-ರೇಯಿಂದ ದೂರ ಇಡ್ತಾರೆ. ಅದರಲ್ಲಿ ಬರೋದು ಗಾಳಿ, ಮಣ್ಣಿಂದ ಬಂದಿದ್ದು ಮಾತ್ರ. ಅಷ್ಟನ್ನ ಎಲ್ಲರ ಲೆಕ್ಕದಿಂದ ಕಳೀತೀವಿ.”

“ಕಳೆದಾಗ ಸೊನ್ನೆಗಿಂತ ಕೆಳಗೆ ಬಂದ್ರೆ?”

“ಮೆಷಿನ್ ಸೊನ್ನೆ ಅಂತಲೇ ಪ್ರಿಂಟ್ ಮಾಡುತ್ತೆ.”

“ಕಳೆಯೋ ಮುಂಚಿನ ಅಂಕಿ ಕೊಡಿ.”

ಐವರಲ್ಲಿ ಒಬ್ಬಳಾದ ನರ್ಸ್ ಪ್ರೇಮಾಳ ಹೆಸರಿನ ಮೇಲೆ ಶಾಲಿನಿಯ ಬೆರಳು ನಿಂತಿತು. ಬ್ಯಾಡ್ಜ್ ಓದುವುದು ಮೂರು ತಿಂಗಳಿಗೊಮ್ಮೆ; ಕಳೆದ ಮೂರು ತಿಂಗಳು ಪ್ರೇಮಾ ಹೆರಿಗೆ ರಜೆಯಲ್ಲಿದ್ದಳು. ಅವಳ ಬ್ಯಾಡ್ಜ್ ಆಸ್ಪತ್ರೆಯ ಆಫೀಸಿನ ಬೀರುವಿನಲ್ಲಿತ್ತು. ಅದರ ಅಂಕಿ ಮೂವತ್ತು. ಅಷ್ಟೇ ಇರಬೇಕಾಗಿದ್ದ ಕಂಟ್ರೋಲ್ ಬ್ಯಾಡ್ಜಿನದು ಆರುನೂರು.

ತರುಣ್ ಎರಡೂ ಅಂಕಿಗಳನ್ನು ಮತ್ತೆ ನೋಡಿದ. “ಇದನ್ನ ಯಾರೂ ಕೇಳಿರಲಿಲ್ಲ ಮೇಡಂ.”

* * *

ಮರುದಿನ ಬೆಳಿಗ್ಗೆ ಶಾಲಿನಿ, ಜಾಯ್ಸ್ ಇಬ್ಬರೂ ಕ್ಯಾಥ್ ಲ್ಯಾಬಿನ ಸೀಸದ ಗಾಜಿನ ಹಿಂದಿನ ಪಕ್ಕದ ಕೋಣೆಯಲ್ಲಿ ದೀಪ ಆರಿಸಿ ನಿಂತರು. ಶಾಲಿನಿ ಹೇಳಿಕೊಟ್ಟಂತೆ ರಿಸೆಪ್ಷನ್‌ನಿಂದ ಸುಧನ್ವನಿಗೆ ಫೋನ್ ಹೋಯಿತು: ಕೊರಿಯರ್‌ನವರು ಬಂದಿದ್ದಾರೆ, ಕಂಟ್ರೋಲ್ ಸೇರಿ ಎಲ್ಲ ಬ್ಯಾಡ್ಜ್ ಕೂಡಲೇ ಬೇಕಂತೆ.

ಕಂಟ್ರೋಲ್ ಬ್ಯಾಡ್ಜ್ ಇರಬೇಕಾದದ್ದು ಸುಧನ್ವನ ರೂಮಿನಲ್ಲಿ; ಅವನು ಅಲ್ಲಿಗೆ ಹೋಗಲಿಲ್ಲ. ನೇರ ಲ್ಯಾಬಿಗೆ ಬಂದ. ರೋಗಿಯನ್ನು ಮಲಗಿಸುವ ಟೇಬಲಿನ ಅಡಿಗೆ ಬಗ್ಗಿ, ಟೇಪ್ ಕಿತ್ತು, ಕಂಟ್ರೋಲ್ ಬ್ಯಾಡ್ಜ್ ತೆಗೆದ. ಎದ್ದಾಗ ಬಾಗಿಲಲ್ಲಿ ಶಾಲಿನಿ ನಿಂತಿದ್ದಳು, ಅವಳ ಹಿಂದೆ ಜಾಯ್ಸ್. ಆ ರೂಮಿಗೆ ಇದ್ದದ್ದು ಒಂದೇ ಬಾಗಿಲು.

“ಜಾಯ್ಸ್ ಬ್ಯಾಡ್ಜ್ ಡ್ರಾಯರಲ್ಲಿದ್ದಿದ್ರೆ ಪ್ರೇಮಾ ಬ್ಯಾಡ್ಜ್ ಹಾಗೆ ಮೂವತ್ತೇ ಬರ್ತಿತ್ತು. ಬಂದಿರೋದು ನಾನೂರು. ನೀವು ಕಂಟ್ರೋಲನ್ನ ಎಕ್ಸ್‌-ರೇ ಬೀಳೋ ಕಡೆ ಇಟ್ಟು, ಅದರಿಂದ ಆರುನೂರು ಕಳೆಯೋ ಹಾಗೆ ಮಾಡಿದ್ರಿ.”

“ಎರಡು ವರ್ಷದ ಹಿಂದೆ ಒಬ್ಬರದ್ದು ಮಿತಿ ಮೀರಿತು. ಹತ್ತು ದಿನ ಲ್ಯಾಬ್ ಬಂದ್. ಇನ್ನೊಮ್ಮೆ ಆದ್ರೆ ನನ್ನನ್ನೇ ಮನೆಗೆ ಕಳಿಸ್ತೇನೆ ಅಂತ ಹೇಳಿದ್ರು ಮ್ಯಾನೇಜರ್. ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ. ನಿಲ್ಲಿಸಿದ್ರೆ ಎಲ್ಲರದ್ದೂ ಒಟ್ಟಿಗೆ ಏರ್ತಿತ್ತು.”

ಜಾಯ್ಸ್ ಮುಂದೆ ಬಂದಳು. “ನನ್ನ ಕಣ್ಣು ಹೋಗುದು ನೋಡಿಯೂ ಸುಮ್ಮನಿದ್ರಲ್ಲ ಸರ್?”

ಸರಿಪಡಿಸಿದ ಲೆಕ್ಕ ತನ್ನ ಕಚೇರಿ ಸೇರಿದೆ, ಪರಿಹಾರದ ಅರ್ಜಿಗೆ ಈಗ ಆಧಾರವಿದೆ ಎಂದು ಶಾಲಿನಿ ಜಾಯ್ಸ್‌ಗೆ ಹೇಳಿದಳು.

“ನಂದೆಷ್ಟುಂಟು ಮೇಡಂ?” ಎಂದ ಸುಧನ್ವ. ತನ್ನ ಅಂಕಿಯನ್ನೂ ತಾನೇ ಅಳಿಸುತ್ತ ಬಂದವನಿಗೆ ಅದು ಗೊತ್ತಿರಲಿಲ್ಲ.

ಶಾಲಿನಿ ಪಟ್ಟಿ ಕೊಟ್ಟಳು. ಅವನು ಅದನ್ನು ಹತ್ತಿರ ಹಿಡಿದ, ದೂರ ಹಿಡಿದ. ಕೊನೆಗೆ ಜಾಯ್ಸ್ ಕಡೆ ಚಾಚಿದ.

“ನೀನೇ ಓದು. ನನಗೆ ಆರು ತಿಂಗಳಿಂದ ಸರಿ ಕಾಣುದಿಲ್ಲ.”

ಜಾಯ್ಸ್ ಕಾಗದವನ್ನು ಮೂಗಿನವರೆಗೆ ತಂದು ಓದಿದಳು.

“ಐನೂರ ಅರವತ್ತು. ಎಲ್ಲರಿಗಿಂತ ಹೆಚ್ಚು ನಿಮ್ದೇ, ಸರ್.”