ಮೂಗುತಿಟ್ಟಿನ ದೋಣಿ

2025ರ ಮಾರ್ಚ್ 12, ಬುಧವಾರ ಬೆಳಿಗ್ಗೆ 9.20ಕ್ಕೆ ಮೂಗುತಿಟ್ಟಿನ ಪಂಚಾಯಿತಿ ಸದಸ್ಯೆ ಸುನಂದಮ್ಮ ಠಾಣೆಗೆ ಬಂದರು. ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು.

“ಪಂಚಾಯ್ತಿ ದೋಣಿ ಕಳುವಾಗ್ಬುಟ್ಟದೆ ಕಣ್ರೀ ಮೇಡಂ. ಮೀನಿಡಿಯೋರ ತೆಪ್ಪದಲ್ಲಿ ಬಂದೆ. ನಮ್ಮ ಮಗಳು ಸಿಂಧುಗೆ ದಿನ ತುಂಬ್ತಾ ಅದೆ. ಹೊತ್ತಲ್ಲದ ಹೊತ್ತಲ್ಲಿ ನೋವು ಬಂದ್ರೆ ಏನ್ ಮಾಡನ?”

ಪಿಎಸ್‌ಐ ಪ್ರಮೀಳಾ ಎಫ್‌ಐಆರ್ ದಾಖಲಿಸಿದರು. ಹನ್ನೆರಡು ಜನ ಕೂರುವ ದೋಣಿಯನ್ನು ಯಾವ ಪುಣ್ಯಾತ್ಮ ಎಲ್ಲಿಗೆ ಹೊತ್ತೊಯ್ದನೋ ಎಂದು ಮೊದಲು ನಗು ಬಂದಿತ್ತು. ಸಿಂಧುವಿನ ಮಾತು ಕೇಳಿದ ಮೇಲೆ ನಗು ಹೋಯಿತು.

ಮೂಗುತಿಟ್ಟು ಕಬಿನಿ ಹಿನ್ನೀರಿನೊಳಕ್ಕೆ ಮೂಗು ತೂರಿಸಿ ಕೂತ ಊರು. ಮೂರು ಕಡೆ ನೀರು, ಬೆನ್ನಿಗೆ ಕಾಡು. ಠಾಣೆಯ ದಡದಲ್ಲಿ ನಿಂತರೆ ಅದರ ಹೆಂಚುಗಳು ಕಾಣುತ್ತವೆ. ದೋಣಿಯಲ್ಲಿ ಇಪ್ಪತ್ತು ನಿಮಿಷ. ಕಾಡು ಬಳಸಿದರೆ ಮೂವತ್ತೆಂಟು ಕಿಲೋಮೀಟರ್ ಹೊಂಡದ ದಾರಿ, ಅದರ ಗೇಟೂ ಸಂಜೆ ಆರಕ್ಕೆ ಬಂದ್. ಕಾನ್‌ಸ್ಟೇಬಲ್ ಚೆಲುವರಾಜುವನ್ನು ಜೀಪಿನಲ್ಲಿ ಆ ದಾರಿಗೆ ಕಳಿಸಿ, ಪ್ರಮೀಳಾ ತೆಪ್ಪ ಹತ್ತಿದರು. ಆಸ್ಪತ್ರೆಯಿಂದ ಮರಳುತ್ತಿದ್ದ ಮುದುಕಿ ಮಲ್ಲಾಜಮ್ಮನೂ ಜೊತೆಗಿದ್ದಳು. ತಿಟ್ಟು ಹತ್ತಿರವಾದಾಗ ಅವಳು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಕೆಳಗೆ ಮುಳುಗಿರೋ ನಮ್ಮ ಹಳೇ ಊರ ಬಾವಿ ಕಣವ್ವ. ಕುಡಿದ ನೀರಿಗೆ ಕೈಮುಗೀಬೇಕಲ್ವ? ಅದ್ರ ನೀರು ಕುಡಿದೋರಲ್ಲಿ ಈಗ ತಿಟ್ಟಲ್ಲಿ ಉಳಿದಿರೋದು ನಾನು, ಅಂಬಿಗ ಜವರ, ಇಬ್ರೇಯ.”

10.40ಕ್ಕೆ ದಡದಲ್ಲಿ ಅರವತ್ತಾರರ ಜವರಯ್ಯನ ವಿಚಾರಣೆ ನಡೆಯಿತು.

“ಕೊನೆಗೆ ಯಾವಾಗ ನೋಡಿದ್ರಿ?”

“ನೆನ್ನೆ ಸಂಜೆ. ಕಟ್ಬುಟ್ಟು ಮನೆಗೋದೆ.”

“ಯಾರ ಮೇಲಾದ್ರೂ ಅನುಮಾನ?”

“ಇಲ್ಲ ಕಣವ್ವ.”

ಊರವರು ದಡವನ್ನೆಲ್ಲ ಜಾಲಾಡಿದ್ದಾಗಿತ್ತು. ಹಿನ್ನೀರಿನ ನಡುವೆ ಹಳೇ ಹೊಳೆಯ ಪಾತ್ರಕ್ಕೆ ಅಡ್ಡಲಾಗಿ ಮೀನುಗಾರರು ಹಿಂದಿನ ಸಂಜೆಯಿಂದಲೂ ಬಲೆ ಬಿಟ್ಟಿದ್ದರು. ದೋಣಿ ಅತ್ತ ಹೋಗಿದ್ದರೆ ಬಲೆ ಹರಿಯುತ್ತಿತ್ತು, ಹರಿದಿರಲಿಲ್ಲ. ತಿಟ್ಟಿನ ಸುತ್ತ ಬೇಸಿಗೆಯ ಸೊಂಟದುದ್ದ ನೀರು, ಮುಳುಗಿಸಿದರೂ ಕಾಣುತ್ತಿತ್ತು. ಹಾಗಾದರೆ ಆಳ ಇರುವುದೆಲ್ಲಿ? ಪ್ರಮೀಳಾಗೆ ಮುದುಕಿ ಕೈಮುಗಿದ ಜಾಗ ನೆನಪಾಯಿತು.

ಅಷ್ಟರಲ್ಲಿ ಜೀಪೂ ಬಂದಿತ್ತು. ಚೆಲುವರಾಜು ತೆಪ್ಪದಲ್ಲಿ ಅಲ್ಲಿಗೆ ಹೋಗಿ ಬಿದಿರು ಗಳ ಇಳಿಸಿದ, ತಳ ಸಿಗಲಿಲ್ಲ. ಬಿಂದಿಗೆ ಎತ್ತುವ ಪಾತಾಳಗರಡಿ ತರಿಸಿ ಇಳಿಬಿಟ್ಟರು. 12.50ಕ್ಕೆ ಪಂಚಾಯಿತಿ ಹೆಸರಿದ್ದ ಹಲಗೆ ಮೇಲೆ ಬಂತು, ಕೊಡಲಿ ಏಟು ತಿಂದು ಸೀಳಿತ್ತು, ಮುಳುಗಲೆಂದು ಅದಕ್ಕೆ ಕಲ್ಲು ಕಟ್ಟಿತ್ತು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆಯಿತು.

“ಬಾವಿ ಎಲ್ಲದೆ ಅಂತ ಮಲ್ಲಾಜಮ್ಮಂಗೂ ಗೊತ್ತು ಜವರಯ್ಯ. ಆದ್ರೆ ಅವ್ರು ಕೊಡಲಿ ಎತ್ತೋರಲ್ಲ,” ಎಂದರು ಪ್ರಮೀಳಾ.

ಜವರಯ್ಯ ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಕಾಗದ ತೆಗೆದ. ರಸ್ತೆ ಕೇಳಿ ಕೊಟ್ಟ ಅರ್ಜಿಗೆ ಬಂದ ಉತ್ತರ: ‘ಗ್ರಾಮಕ್ಕೆ ದೋಣಿ ಸಂಪರ್ಕವಿರುವುದರಿಂದ ಮನವಿಯನ್ನು ಪರಿಗಣಿಸಲಾಗುವುದಿಲ್ಲ.’

“ಹೋದ್ವರ್ಷ ಸೊಸೆ ರೂಪಶ್ರೀಗೆ ನೋವು ಬಂದಾಗ ರಾತ್ರಿ, ಕೆಟ್ಟ ಗಾಳಿ. ದೋಣಿ ಬುಡಕ್ಕಾಗ್ನಿಲ್ಲ. ಅವಳೂ ಹೋದ್ಲು, ಮಗೂನೂವೆ. ಹುಟ್ಟು ಹಾಕೋನು ನಾನೇ ಅಲ್ವಾ ಅವ್ವ? ಸಿಂಧುಗೂ ಅಂಗಾಗಬಾರ್ದು ಅಂತ... ದೋಣಿ ಇಲ್ದಿದ್ರೆ ರಸ್ತೆ ಕೊಡ್ಲೇಬೇಕಲ್ಲ?”

“ರಸ್ತೆ ನಾಳೆಗೇ ಬತ್ತದಾ ಜವರಯ್ಯ? ಅವಳಿಗೆ ಈ ವಾರವೇ ದಿನ.”

ಆ ಲೆಕ್ಕ ಅವನಿಗೆ ಹೊಳೆದೇ ಇರಲಿಲ್ಲ. ಪ್ರಮೀಳಾಗೆ ಸಂಕಟವಾಯಿತು, ಆದರೂ ಸಾರ್ವಜನಿಕ ಆಸ್ತಿ ನಾಶದ ಆರೋಪದ ಮೇಲೆ ಬಂಧಿಸಿದರು.

ಗೇಟು ಮುಚ್ಚುವ ಮುಂಚೆ ಸಿಂಧುವನ್ನು ಆಸ್ಪತ್ರೆಗೆ ಸೇರಿಸಬೇಕೆಂದು ಅವಳನ್ನೂ ಸುನಂದಮ್ಮನನ್ನೂ ಅದೇ ಜೀಪಿಗೆ ಹತ್ತಿಸಿದರು. ಹೊಂಡ ಬಂದಾಗಲೆಲ್ಲ ಜವರಯ್ಯ, “ನಿಧಾನ ಕಣಪ್ಪಾ,” ಎಂದು ಚೆಲುವರಾಜುವಿಗೆ ಹೇಳುತ್ತಿದ್ದ. ಸಿಂಧು ಹಲ್ಲು ಕಚ್ಚಿ ಕೂತಿದ್ದಳು.

ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಪ್ರಮೀಳಾ, ಜವರಯ್ಯನ ಆ ಕಾಗದದ ಪ್ರತಿಯನ್ನು ಕಡತಕ್ಕೆ ಲಗತ್ತಿಸಿ ಕೇಸ್ ಡೈರಿಯಲ್ಲಿ ಬರೆದರು: ‘ಗ್ರಾಮಕ್ಕೆ ಸದ್ಯ ದೋಣಿ ಇಲ್ಲ. ಮೂಗುತಿಟ್ಟು ಬಿಟ್ಟದ್ದು 2.10. ಆಸ್ಪತ್ರೆ ತಲುಪಿದ್ದು 4.35. ಜೊತೆಯಲ್ಲಿ ತುಂಬು ಗರ್ಭಿಣಿ ಒಬ್ಬರು.’