ಗೋಡೆಗೆ ಮುಖ ಮಾಡಿದ ಅಧ್ಯಕ್ಷರು

ಶಾಲೆಯ ಸ್ಟಾಫ್ ರೂಮಿನ ಗೋಡೆಯ ಮೇಲೆ ದೇಶದ ಅಧ್ಯಕ್ಷರ ಪಟವಿತ್ತು. ಮೋಸ ಮಾಡಿ ಚುನಾವಣೆ ಗೆದ್ದರೆಂದು ಅವರ ಮೇಲೆ ಕೇಸು ನಡೆಯುತ್ತಿತ್ತು. ಚರಿತ್ರೆ ಮೇಡಂ ಬೆಳಿಗ್ಗೆ ಬಂದವಳೇ ಆ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಿದ್ದಳು. ಮೊದಲ ಪೀರಿಯಡ್ ಮುಗಿಸಿ ಬರುವಷ್ಟರಲ್ಲಿ ಅದು ಮತ್ತೆ ನೆಟ್ಟಗಿರುತ್ತಿತ್ತು.

ನೆಟ್ಟಗೆ ಮಾಡುತ್ತಿದ್ದವರು ಲೆಕ್ಕದ ಮೇಷ್ಟ್ರು. ಒಂದು ದಿನ ಕೈಯಲ್ಲಿ ಪಟ ಹಿಡಿದಿದ್ದಾಗಲೇ ಸಿಕ್ಕಿಬಿದ್ದರು.

"ಅಷ್ಟೊಂದು ಭಕ್ತಿನಾ ಸರ್?"

"ನಾನು ಅವರಿಗೆ ವೋಟೇ ಹಾಕಿಲ್ಲ ಮೇಡಂ. ಆದ್ರೆ ಕೋರ್ಟು ಹೇಳೋವರೆಗೂ ಅವರು ನಿರಪರಾಧಿ."

"ಜೈಲಿಗೆ ಕಳಿಸೋಕೆ ಸಾಕ್ಷಿ ಬೇಕು, ಒಪ್ಪಿದೆ. ಆ ಕುರ್ಚಿ ಮೇಲೆ ಕೂರೋಕೆ ಜನರ ನಂಬಿಕೆ ಬೇಡ್ವಾ?"

"ನಂಬಿಕೆ ಹೋಯ್ತು ಅಂತ ತೀರ್ಮಾನ ಮಾಡೋರು ಯಾರು? ಜೋರಾಗಿ ಕೂಗೋರಾ?"

ಅವಳು ಮೂಗು ಮುರಿದಳು. ಆದರೂ ಗಾಜಿನ ಧೂಳು ಒರೆಸುತ್ತಿದ್ದ ಅವರ ಬೆರಳುಗಳನ್ನು ಬೇಕಾದ್ದಕ್ಕಿಂತ ಕೊಂಚ ಹೆಚ್ಚೇ ನೋಡಿದಳು. ಆಮೇಲೆ ಜಗಳವಿಲ್ಲದ ಭಾನುವಾರಗಳು ಸಪ್ಪೆಯೆನಿಸತೊಡಗಿದವು.

ಒಂದು ಸೋಮವಾರ ಪಟ ನೆಲಕ್ಕೆ ಬಿದ್ದು ಗಾಜು ಚೂರಾಗಿತ್ತು.

ಹೆಡ್ ಮೇಡಂ ಎಲ್ಲರನ್ನೂ ಕೂರಿಸಿ ಚರಿತ್ರೆ ಮೇಡಂ ಕಡೆ ತಿರುಗಿದರು. "ದಿನಾ ಅದರ ತಂಟೆಗೆ ಹೋಗ್ತಿದ್ದದ್ದು ನೀನೇ ಅಲ್ವೇನಮ್ಮಾ? ಮೇಲಿನವರಿಗೆ ಬರೀತೀನಿ."

ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬರೆದರೆ ಅದೂ ಹೋದಂತೆಯೇ. ಸುತ್ತ ನೋಡಿದಳು. ಎಲ್ಲರ ಕಣ್ಣಲ್ಲೂ ತೀರ್ಪು ಆಗಿಹೋಗಿತ್ತು. ತಾನು ಒಡೆದಿಲ್ಲ, ಒಡೆದಿಲ್ಲವೆಂದು ತೋರಿಸುವುದು ಹೇಗೆ?

ಮೇಷ್ಟ್ರು ಎದ್ದು ನಿಂತರು. "ಒಡೆದದ್ದನ್ನ ಕಂಡವರು ಯಾರು?"

ಅವರು ನೆಲದಿಂದ ಮೊಳೆಯನ್ನು ಹೆಕ್ಕಿ ಎತ್ತಿ ಹಿಡಿದರು.

"ತಿರುಗಿಸಿ ತಿರುಗಿಸಿ ಮೊಳೆ ಸಡಿಲಾಗಿ ಕಿತ್ತು ಬಂದಿದೆ, ನೋಡಿ. ಅವರು ತಿರುಗಿಸಿದಷ್ಟೇ ಸಲ ನಾನೂ ತಿರುಗಿಸಿದ್ದೀನಿ. ಬರೆಯೋದಾದ್ರೆ ನನ್ನ ಹೆಸರು ಮೊದಲು ಬರೀರಿ."

ಹೆಡ್ ಮೇಡಂ ಮೊಳೆಯನ್ನು ನೋಡಿದರು. ಇಬ್ಬರನ್ನೂ ನೋಡಿದರು. "ಸಾಕು, ಕ್ಲಾಸಿಗೆ ಹೋಗಿ. ಹೊಸ ಗಾಜು ನೀವಿಬ್ರೂ ಸೇರಿ ಹಾಕಿಸ್ಕೊಂಡು ಬನ್ನಿ."

ಸಂಜೆ ಗಾಜಿನ ಅಂಗಡಿಯಿಂದ ವಾಪಸು ಬರುವಾಗ ಪಟದ ಒಂದು ಅಂಚು ಅವಳ ಕೈಯಲ್ಲಿತ್ತು, ಇನ್ನೊಂದು ಅವರ ಕೈಯಲ್ಲಿ.

"ನಾನೇ ಒಡೆದೆನಾ ಅಂತ ನೀವು ಒಂದು ಸಲಾನೂ ಕೇಳಲಿಲ್ಲ."

"ಕೇಳಿದ್ರೆ ಅನುಮಾನ ಪಟ್ಟ ಹಾಗಾಗ್ತಿತ್ತು."

ಶಾಲೆ ಹತ್ತಿರವಾಗುತ್ತಿದ್ದಂತೆ ಅವಳು ಹೆಜ್ಜೆ ನಿಧಾನ ಮಾಡಿದಳು.

ಸ್ಟಾಫ್ ರೂಮ್ ಖಾಲಿಯಾಗಿತ್ತು. ಮೇಷ್ಟ್ರು ಸುತ್ತಿಗೆ ಹಿಡಿದು ಸ್ಟೂಲ್ ಹತ್ತಿದರು.

"ಈಗಲೂ ಹೇಳ್ತೀನಿ," ಎಂದಳು, "ಇವರು ಆ ಕುರ್ಚಿಗೆ ತಕ್ಕವರಲ್ಲ."

"ನಾನು ಈಗಲೂ ಒಪ್ಪಲ್ಲ. ತೀರ್ಪು ಬರಲಿ."

"ಬಂದ ಮೇಲೆ ನಮ್ಮ ಜಗಳ ಮುಗಿದುಹೋಗುತ್ತೆ."

ಸುತ್ತಿಗೆ ನಿಂತಿತು. ಗೋಡೆಯ ಕಡೆ ಮುಖ ಮಾಡಿಕೊಂಡೇ ಅವರು ಹೇಳಿದರು, "ಮುಗಿಯೋದು ಬೇಡ. ನಮ್ಮಿಬ್ಬರದೇ ಒಂದು ಮನೆ ಆದ್ರೆ... ಅಲ್ಲೂ ಗೋಡೆ ಇರುತ್ತಲ್ಲ."

ಅವಳು ಕೈಯಲ್ಲಿದ್ದ ಪಟದತ್ತ ತಲೆ ತಗ್ಗಿಸಿದಳು. ಹೊಸ ಗಾಜಿನಲ್ಲಿ, ಅಧ್ಯಕ್ಷರ ಮುಖದ ಮೇಲೆ, ತನ್ನ ಒದ್ದೆ ಕಣ್ಣು ಕಂಡಿತು.

"ಹಾಗಾದ್ರೆ ಮೊಳೆ ಹೊಡೆಯೋದನ್ನ ಸರಿಯಾಗಿ ಕಲೀರಿ," ಎಂದಳು. "ಬಹಳ ವರ್ಷ ತಿರುಗಿಸೋದಿದೆ."